ಅಚ್ಚಿಗೆ ಕೂತ ಕಾಲು

ಆ ಊರಿನ ಕಾವಲಿನವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೋಡಬಾರದೆಂದು ಕಟ್ಟಳೆಯೇ ಇತ್ತು. ಬಹಳ ಹಿಂದೆ ಒಬ್ಬ ಕಾವಲಿನವನು, ಗೋಡೆ ಹತ್ತಿ ಬಂದ ಹಗೆಯೊಬ್ಬನ ಮುಖ ಥೇಟ್ ತನ್ನ ಸೋದರಮಾವನ ಮುಖದಂತಿದೆಯಲ್ಲ ಎಂದುಕೊಂಡು, ಅವನಿಗೆ ನೀರು ಕೊಟ್ಟು, ಕಟ್ಟೆಯ ಮೇಲೆ ಕೂರಿಸಿ, ಊರಿನ ಮೂರು ಓಣಿಗಳು ಸುಟ್ಟುಹೋಗುವುದಕ್ಕೆ ಕಾರಣನಾಗಿದ್ದ. ಅಂದಿನಿಂದ ಊರಿಗೆ ಮುಖದ ಮೇಲೆ ನಂಬಿಕೆ ಹೋಯಿತು. ಮುಖ ನಗುತ್ತದೆ, ಅಳುತ್ತದೆ, ಸುಳ್ಳು ಹೇಳುತ್ತದೆ. ಕಾಲಿಗೆ ಅಷ್ಟು ಜಾಣತನವಿಲ್ಲ ಎಂದು ಹಿರಿಯರು ತೀರ್ಮಾನಿಸಿದರು.

ಈ ಊರು ಎಲ್ಲಿದೆ ಎಂದು ನಕಾಶೆ ಬಿಚ್ಚಬೇಡಿ. ಸುತ್ತ ಗೋಡೆ, ಒಳಗೆ ಕಾವಲು, ಕಾವಲಿಗೆ ಹಗೆಯ ಗುರುತು ಮಾಡಿಕೊಡುವವರು, ಇಷ್ಟೆಲ್ಲ ಇರುವ ಊರೊಂದು ನಿಮ್ಮ ಚರ್ಮದ ಒಳಗೂ ಇದೆ, ಆ ಕಾವಲು ಒಮ್ಮೊಮ್ಮೆ ತನ್ನ ಮೈಯ ಕೀಲುಗಳನ್ನೇ ಹಗೆಯೆಂದು ತಿಳಿದು ಬಡಿಯುತ್ತದೆ ಎಂದು ರಕ್ತದ ಒಳಮರ್ಮ ಬಲ್ಲವರು ಹೇಳುತ್ತಾರೆ. ಅವರ ಮಾತು ಅವರಿಗಿರಲಿ. ನಾನು ಹೇಳುವುದು ಊರಿನ ಕಥೆ.

ಹಗೆಯವರು ಬಂದುಹೋದ ಮೇಲೆ ಕೆಸರಿನಲ್ಲಿ ಅವರ ಹೆಜ್ಜೆಗಳು ಉಳಿಯುತ್ತಿದ್ದವು. ಆ ಹೆಜ್ಜೆಗಳನ್ನು ನೋಡಿ ಮರದಲ್ಲಿ ಅಚ್ಚು ಕೆತ್ತುವವರಿಗೆ ಅಚ್ಚಿನವರು ಎಂದು ಹೆಸರು. ಒಬ್ಬನಿಗೆ ಒಂದೇ ಅಚ್ಚು, ಅದೂ ಜೀವಮಾನಕ್ಕೆ. ಹಿಮ್ಮಡಿಯ ಹತ್ತಿರ ಒಂದು ಎಳೆ ಕೆರೆದು, ಹೆಬ್ಬೆರಳಿನ ಗುಳಿಯನ್ನು ಒಂದು ಎಳ್ಳಿನಷ್ಟು ತಗ್ಗಿಸಿ, ವರ್ಷವಿಡೀ ಅದನ್ನೇ ತಿದ್ದುತ್ತ ಕೂರುವುದು ಅವನ ಕಸುಬು. ಯಾರ ಅಚ್ಚು ಹೆಚ್ಚು ಬಿಗಿಯೋ ಅವನಿಗೆ ಹೆಚ್ಚು ಮರ್ಯಾದೆ. ಕಾವಲಿನವರು ಆ ಅಚ್ಚುಗಳನ್ನು ಜೋಳಿಗೆಯಲ್ಲಿ ಹೊತ್ತುಕೊಂಡು ಓಣಿ ಓಣಿ ತಿರುಗುತ್ತಿದ್ದರು. ಸಂಶಯ ಬಂದವನ ಮುಂದೆ ಅಚ್ಚು ಇಟ್ಟು, ತಲೆ ತಗ್ಗಿಸಿಕೊಂಡೇ, 'ಕಾಲಿಡು' ಎನ್ನುತ್ತಿದ್ದರು. ಕಾಲು ಸಡಿಲವಿಲ್ಲದೆ ಕೂತರೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಆ ಕಾಲಿಗೆ ದೊಣ್ಣೆ, ಮೂರನೆಯ ಸಲ ಗೋಡೆಯಾಚೆ. ಆಚೆ ಹೋದವರು ಒಳಗೆ ಬಂದದ್ದಿಲ್ಲ.

ಅನ್ಯಾಯ ಆಗಬಾರದೆಂಬ ಕಾಳಜಿಯೂ ಊರಿಗಿತ್ತು. ಅದಕ್ಕಾಗಿಯೇ ವರ್ಷಕ್ಕೊಮ್ಮೆ ಪಾದದ ಹಬ್ಬ ಮಾಡುತ್ತಿದ್ದರು. ಅಂದು ಅಚ್ಚುಗಳನ್ನೆಲ್ಲ ಹೆಬ್ಬಾಗಿಲ ಮುಂದೆ ಸಾಲಾಗಿ ಇಡುವುದು, ಊರಿನವರೆಲ್ಲ ಒಂದೊಂದರಲ್ಲೂ ಕಾಲಿಟ್ಟು ಹೋಗುವುದು. ಊರಿನ ಒಂದೇ ಒಂದು ಕಾಲು ಕೂತರೂ ಆ ಅಚ್ಚು ಒಲೆಗೆ. ಅದರ ಒಡೆಯ ಬೇರೆ ಮರ ಹುಡುಕಿಕೊಳ್ಳಬೇಕು. ಹಬ್ಬವೆಂದ ಮೇಲೆ ಕೊಳೆಗಾಲಿನಲ್ಲಿ ಹಾಗೇ ಬರುವುದುಂಟೇ? ಎಂಟು ದಿನ ಮೊದಲೇ ಕೆಲಸಗಳೆಲ್ಲ ಬಂದ್. ಜನ ಬಿಸಿನೀರಿನಲ್ಲಿ ಕಾಲು ನೆನೆಹಾಕಿ, ಕಲ್ಲಿನಿಂದ ತಿಕ್ಕಿ, ಹರಳೆಣ್ಣೆ ಹಚ್ಚಿ, ಅರಿಸಿನ ಬಳಿದುಕೊಂಡು ಬರುತ್ತಿದ್ದರು. ಅಷ್ಟು ಚೆಂದದ ಕಾಲುಗಳು ಹಗೆಯ ಅಚ್ಚಿಗೆ ಕೂರುವುದು ಅಪರೂಪ. ಬಹುಪಾಲು ಅಚ್ಚುಗಳು ತೇರ್ಗಡೆಯಾಗಿ ಮತ್ತೆ ಕಾವಲಿನವರ ಜೋಳಿಗೆ ಸೇರುತ್ತಿದ್ದವು.

ತಪ್ಪಿದ ಅಚ್ಚುಗಳನ್ನು ಸುಡುವ ಒಲೆ ಸಂಕವ್ವ ಎಂಬ ಹೆಂಗಸಿನ ಕೈಯಲ್ಲಿತ್ತು. ಹಬ್ಬದ ದಿನ ಸಾಲಿನಲ್ಲಿಟ್ಟ ಪ್ರತಿಯೊಂದು ಅಚ್ಚನ್ನೂ ತಿರುವಿ ನೋಡುವುದು, ಬೆರಳಿನಿಂದ ಸವರುವುದು ಅವಳ ಅಭ್ಯಾಸ. ಇಪ್ಪತ್ತು ವರ್ಷ ಹಾಗೆ ಸವರಿ ಸವರಿ, ಯಾವ ಅಚ್ಚು ಯಾರ ಕೈಯದು, ಈ ವರ್ಷ ಎಲ್ಲಿ ಎಷ್ಟು ಕೆರೆದಿದ್ದಾರೆ ಎಂದು ಕಣ್ಣು ಮುಚ್ಚಿಕೊಂಡೂ ಹೇಳುತ್ತಿದ್ದಳು. ಅವಳಿಗೆ ತನ್ನವನೆಂದು ಇದ್ದವನು ತಮ್ಮ ಭರಮ ಒಬ್ಬನೇ. ಅವನು ಗಾರೆ ತುಳಿಯುವವನು. ಸುಣ್ಣ, ಮರಳು, ಬೆಲ್ಲದ ನೀರು ಹಾಕಿದ ಗುಂಡಿಯಲ್ಲಿ ಬೆಳಗಿನಿಂದ ಸಂಜೆಯ ತನಕ ತುಳಿದು, ಹದಕ್ಕೆ ತಂದು, ಊರಗೋಡೆಯ ಬಿರುಕಿಗೆ ಮೆತ್ತುವ ಕೆಲಸ. ಊರು ನಿಂತದ್ದು ಆ ಗಾರೆಯ ಮೇಲೆ. ಆದರೆ ಗಾರೆ ತುಳಿಯುವವರನ್ನು ಊಟಕ್ಕೆ ಕರೆದವರು ಕಡಿಮೆ.

ಒಂದು ಮಂಗಳವಾರ ಸಂತೆಯಲ್ಲಿ ಉಪ್ಪು ಕೊಳ್ಳುತ್ತಿದ್ದ ಭರಮನ ಮುಂದೆ ಅಚ್ಚು ಇಟ್ಟರು. ಅವನ ಬಲಗಾಲು ಬೆಣ್ಣೆಯಲ್ಲಿ ಇಳಿದಂತೆ ಇಳಿದು ಕೂತಿತು.

"ಅಕ್ಕಾ, ನಾ ಹಗೆಯವ ಅಂತ," ಎಂದು ಮನೆಗೆ ಬಂದು ನಗುತ್ತ ಹೇಳಿದ. ನಗು ತುಟಿಯಲ್ಲಿ ಮಾತ್ರ ಇತ್ತು.

ಸಂಕವ್ವನಿಗೆ ನಂಬಿಕೆಯಾಗಲಿಲ್ಲ. ಅವನು ಗುರುತು ಹೇಳಿದ ಅಚ್ಚು ಅವಳು ಬಲ್ಲ ಅಚ್ಚು. ಎರಡು ತಿಂಗಳ ಹಿಂದೆ ಹಬ್ಬದಲ್ಲಿ ಇದೇ ಭರಮ ಅದರಲ್ಲಿ ಕಾಲಿಟ್ಟಾಗ ಎರಡು ಬೆರಳು ಸಡಿಲವಿತ್ತು. ಎರಡು ತಿಂಗಳಲ್ಲಿ ಅಚ್ಚು ಬದಲಾಗಿಲ್ಲ, ತಮ್ಮ ಬದಲಾಗಿಲ್ಲ, ಮತ್ತೆ ಬದಲಾದದ್ದು ಏನು? ಅವಳು ಬಿಸಿನೀರು ಕಾಸಿ ಅವನ ಕಾಲು ತೊಳೆದಳು. ಸುಣ್ಣ ತಿಂದು ಹಿಮ್ಮಡಿ ಸೀಳಿತ್ತು, ಪಾದ ಅಗಲವಾಗಿ ಬಾತು ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಎಂಟು ದಿನ ಅವನನ್ನು ಗುಂಡಿಗೆ ಇಳಿಯಗೊಡದೆ ಮನೆಯಲ್ಲೇ ಕೂರಿಸಿದಳು. ಬಾವು ಇಳಿಯಿತು. ಪಾದ ಹಬ್ಬದ ಪಾದವಾಯಿತು. ಸಂಕವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಇಷ್ಟು ವರ್ಷ ಊರು ಅಚ್ಚುಗಳಿಗೆ ತೋರಿಸಿದ್ದು ಹಬ್ಬದ ಕಾಲನ್ನು. ಕಾವಲಿನವರು ಹಿಡಿಯುತ್ತಿದ್ದುದು ದುಡಿಮೆಯ ಕಾಲನ್ನು.

ಹೊಳೆದದ್ದನ್ನು ಹೊಳೆದ ಗಳಿಗೆಯಲ್ಲೇ ಕೂಗಿ ಹೇಳುವ ಸ್ವಭಾವ ಅವಳದಲ್ಲ. ನಾಲ್ಕು ವರ್ಷ ಅವಳು ಹಸಿ ಮಣ್ಣಿನ ಬಿಲ್ಲೆ ಹೊತ್ತುಕೊಂಡು ಊರೆಲ್ಲ ಅಲೆದಳು. ಕುಂಬಾರರು, ಅಗಸರು, ಬಣ್ಣದ ಬಾನಿಯಲ್ಲಿ ನೂಲು ತುಳಿಯುವವರು, ಚರ್ಮ ಹದ ಮಾಡುವವರು, ಗಾಣದವರು. ಒಬ್ಬೊಬ್ಬರದೂ ಕೆಲಸಕ್ಕೆ ಮುಂಚೆ ಒಂದು ಹೆಜ್ಜೆ, ಕೆಲಸದ ನಂತರ ಒಂದು ಹೆಜ್ಜೆ. ಒಣಗಿದ ಬಿಲ್ಲೆಯ ಹಿಂದೆ ಹೆಸರು, ಓಣಿ, ಕಸುಬು ಗೀರಿ ಇಡುತ್ತಿದ್ದಳು. ಜನ ನಕ್ಕರು. 'ಕಾಲು ಹಿಡಿಯೋ ಕೆಲಸ ಸಿಕ್ಕೈತಿ ಸಂಕವ್ವಗ' ಎಂದರು. ಅವಳು ನಿದ್ದೆ ಕಡಿಮೆ ಮಾಡಿದಳು, ಮಾತು ಕಡಿಮೆ ಮಾಡಿದಳು. ದಾರಿಯಲ್ಲಿ ಎದುರು ಬಂದವರ ಕಾಲನ್ನೇ ನೋಡುತ್ತ ಎಡವುತ್ತಿದ್ದಳು. ತಮ್ಮನ ಹೆಸರಿಗೆ ಒಂದು ಸಲ ಆಗಿಹೋಗಿತ್ತು. ಇನ್ನೆರಡು ಉಳಿದಿದ್ದವು. ಆ ಲೆಕ್ಕ ಅವಳ ತಲೆಯಿಂದ ಇಳಿಯುತ್ತಿರಲಿಲ್ಲ.

ಕೊನೆಗೆ ಅವಳು ಊರಸಭೆಯಲ್ಲಿ ಬಿಲ್ಲೆಗಳನ್ನೆಲ್ಲ ಹರಡಿ ಎರಡು ಮಾತು ಹೇಳಿದಳು. ಮೊದಲನೆಯದು, ನಮ್ಮವರ ಕಾಲೂ ಹಗೆಯ ಅಚ್ಚಿಗೆ ಕೂರುತ್ತದೆ. ಎರಡನೆಯದು, ಆದ್ದರಿಂದ ತಪ್ಪು ಕಾಲಿನದಲ್ಲ, ಅಚ್ಚನ್ನು ಪರೀಕ್ಷಿಸುವ ರೀತಿಯದು.

ಸಭೆ ಬೆರಗಾಯಿತು. ಪ್ರಾಮಾಣಿಕವಾಗಿಯೇ ಬೆರಗಾಯಿತು, ಅದರಲ್ಲಿ ನನಗೆ ಸಂಶಯವಿಲ್ಲ. ಪಟ್ಟದ ಹಿರಿಯ ಎದ್ದುನಿಂತು, "ನಮ್ಮವರ ಕಾಲೂ ಅಚ್ಚಿಗೆ ಕೂಡತೈತಿ ಅನ್ನೂದನ್ನ ನಮ್ಮ ಸಂಕವ್ವ ತೋರಿಸಿಕೊಟ್ಟಾಳ," ಎಂದ. ಕೂಡಲೇ ನಗಾರಿ ಬಡಿಯಿತು.

ಈ ನಗಾರಿಯ ವಿಷಯ ಹೇಳಬೇಕು. ಹೊಸದೊಂದನ್ನು ಕಂಡುಹಿಡಿದವರಿಗೆ ಆ ಊರು ಕೊಡುತ್ತಿದ್ದ ಗೌರವ ಅದು. ಅವರ ಮಾತನ್ನು ಎತ್ತಿ ಆಡಿ ಹೆಸರು ಹೇಳಿದಾಗಲೆಲ್ಲ ಹನ್ನೆರಡು ಪೆಟ್ಟು. ಸಭೆಯಲ್ಲಿ ದೊಡ್ಡ ನಗಾರಿ, ಓಣಿಗೊಂದು ಸಣ್ಣ ನಗಾರಿ. ವರ್ಷದಲ್ಲಿ ಯಾರ ಹೆಸರಿಗೆ ಎಷ್ಟು ಸಲ ಬಡಿಯಿತು ಎಂದು ನೋಡಿ ಸಭೆಯಲ್ಲಿ ಅವರು ಯಾವ ಸಾಲಿನಲ್ಲಿ ಕೂರಬೇಕೆಂದು ಗೊತ್ತುಮಾಡುತ್ತಿದ್ದರು. ಅವರು ಕಂಡದ್ದರಿಂದ ಯಾರಿಗೆ ಏನಾಯಿತು ಎಂದು ಕೇಳುವ ಪದ್ಧತಿ ಇರಲಿಲ್ಲ. ಹನ್ನೆರಡು ಪೆಟ್ಟು ಮುಗಿಯುವಷ್ಟರಲ್ಲಿ ಹಿರಿಯ ಸಂಕವ್ವನ ಎರಡನೆಯ ಮಾತನ್ನೂ ಹೇಳಿ ಕೂತಿದ್ದ. ಅದು ಅವನ ಪಕ್ಕದವನಿಗೂ ಕೇಳಿಸಲಿಲ್ಲ.

ಆದರೂ ಒಂದು ಪ್ರಯೋಗ ಮಾಡಿ ನೋಡೋಣ ಎಂದರು. ಒಂದು ದಿನ ಹಬ್ಬವಿಲ್ಲದೆ, ಎಣ್ಣೆಯಿಲ್ಲದೆ, ಜನ ಕೆಲಸದಿಂದ ಬಂದ ಹಾಗೆಯೇ ಅಚ್ಚುಗಳ ಮೇಲೆ ಹಾದುಹೋದರು. ಹತ್ತರಲ್ಲಿ ಒಂಬತ್ತು ಅಚ್ಚಿಗೆ ಯಾವನಾದರೂ ಊರಿನವನ ಕಾಲು ಕೂತಿತು. ಯಾವ ಅಚ್ಚಿಗೂ ಕೂರದ ಕಾಲುಗಳೆಂದರೆ ಸಭೆಯ ಹಿರಿಯರವು, ಅವರ ಮನೆಯವರವು.

ಅಚ್ಚಿನವರ ಯಜಮಾನ ಸಂಜೆಯೇ ಹಿರಿಯನ ಮನೆಗೆ ಹೋದ. "ಇಷ್ಟೂ ಒಲಿಗೆ ಹಾಕಿದ್ರ ನಾಳೆ ಹಗೆಯವರು ಬಂದಾಗ ಏನ್ ಹಿಡಕೊಂಡು ನಿಂದರೂದ್ರಿ?" ಎಂದು ಕೇಳಿದ. "ಅಚ್ಚು ತಪ್ಪು ಅಂದ್ರ ಊರು ಬತ್ತಲಾತು. ಕಾಲು ತಪ್ಪು ಅಂದ್ರ ಊರಿಗೆ ಕಾವಲಾತು. ನೀವ ವಿಚಾರ ಮಾಡ್ರಿ."

ಹಿರಿಯ ವಿಚಾರ ಮಾಡಿದ. ಅಂಥವರು ವಿಚಾರ ಮಾಡಿದಾಗ ಏನಾಗುತ್ತದೆಂದು ನಿಮಗೆ ಗೊತ್ತು. ಅಚ್ಚುಗಳು ಉಳಿದವು. ಹಬ್ಬ ಎಂದಿನಂತೆ ಎಣ್ಣೆ ಅರಿಸಿನದೊಂದಿಗೆ ನಡೆಯಿತು. ಸಂಕವ್ವನ ಬಿಲ್ಲೆಗಳನ್ನು ಮಾತ್ರ ಕಾವಲಿನವರು ಕೇಳಿ ಪಡೆದರು. ಅಚ್ಚು ತಿದ್ದುವುದಕ್ಕೇ ಇರಬೇಕೆಂದು ಅವಳು ಸಂತೋಷದಿಂದ, ಒಂದೂ ಒಡೆಯದಂತೆ ಹುಲ್ಲಿನಲ್ಲಿ ಸುತ್ತಿ ಕೊಟ್ಟಳು. ಅವರು ಬಿಲ್ಲೆಯ ಹಿಂಬದಿಯನ್ನು ಓದಿದರು. ಹೆಸರು, ಓಣಿ, ಕಸುಬು ಎಲ್ಲ ಚೆನ್ನಾಗಿ ಬರೆದಿತ್ತು.

ಆಮೇಲೆ ಕಾವಲಿನವರು ಸಂತೆಯಲ್ಲಿ ಕಾಯುವುದನ್ನು ಬಿಟ್ಟರು. ನೇರವಾಗಿ ಬಾನಿಯ ಹತ್ತಿರ, ಗಾಣದ ಹತ್ತಿರ, ಗಾರೆಗುಂಡಿಯ ಹತ್ತಿರ ಹೋಗಿ ಅಚ್ಚು ಇಡತೊಡಗಿದರು. "ನಮ್ಮೊಳಗಿನವರ ಕಾಲೂ ಕೂಡತಾವು ಅಂತ ಸಂಕವ್ವನ ಹೇಳ್ಯಾಳ," ಎಂದು ಒಬ್ಬ ಹೇಳುವುದು, ಓಣಿಯ ನಗಾರಿ ಹನ್ನೆರಡು ಪೆಟ್ಟು ಬಡಿಯುವುದು, ಆ ಸದ್ದಿನಲ್ಲಿ ದೊಣ್ಣೆ ಏಳುವುದು. ಮೊದಲ ವರ್ಷ ಸಂಕವ್ವ ಸಭೆಯ ಕೊನೆಯ ಸಾಲಿನಿಂದ ನಡುವಿನ ಸಾಲಿಗೆ ಬಂದಳು. ಎರಡನೆಯ ವರ್ಷ ಮುಂದಿನ ಸಾಲಿಗೆ ಬಂದಳು. ಆ ಊರಿನ ನೆನಪಿನಲ್ಲಿ ಇಷ್ಟು ಬೇಗ ಇಷ್ಟು ಮುಂದೆ ಬಂದವರು ಯಾರೂ ಇರಲಿಲ್ಲ.

ಪ್ರತಿ ಸಭೆಯಲ್ಲೂ ಅವಳು ಎದ್ದುನಿಲ್ಲುತ್ತಿದ್ದಳು. "ನಾ ಹೇಳಿದ್ದು ಅದಲ್ರಿ, ಅದರ ಮುಂದಿಂದು—" ಎನ್ನುವಷ್ಟರಲ್ಲಿ ಯಾರೋ ಗೌರವದಿಂದ, 'ಸಂಕವ್ವನವರು ಮಾತಾಡಾಕತ್ತಾರ, ಸುಮ್ಮನಿರ್ರಿ' ಎನ್ನುತ್ತಿದ್ದರು. ಹೆಸರು ಬಿದ್ದ ಕೂಡಲೇ ನಗಾರಿ. ಅವಳ ಬಾಯಿ ಆಡುವುದು ಕಾಣಿಸುತ್ತಿತ್ತು. ಜನ ಕೈಮುಗಿಯುತ್ತಿದ್ದರು.

ಆ ಚಳಿಗಾಲದಲ್ಲಿ ಭರಮ ಕುಂಟುತ್ತ ಮನೆಗೆ ಬಂದ. ಬಲಗಾಲು ಮೊಳಕಾಲಿನ ತನಕ ನೀಲಿಯಾಗಿತ್ತು.

"ಎರಡನೇದು ಆತು, ಅಕ್ಕಾ," ಎಂದ. ಕಾಲು ಚಾಚಿ ಕೂತು, "ನಿನ್ನ ಹೆಸರು ಹೇಳಿ ಹೊಡದ್ರು," ಎಂದ.

ಸಂಕವ್ವ ಅತ್ತಳು. ಅರಿಸಿನದ ಪಟ್ಟು ಹಾಕುತ್ತ, "ಇನ್ನ ಗುಂಡಿಗೆ ಇಳೀಬ್ಯಾಡಪಾ. ಕಾಲು ತೊಳಕೊಂಡು ಮನ್ಯಾಗ ಕುಂದರು. ನಾ ಹಾಕ್ತೀನಿ ನಿನಗ ಕೂಳು," ಎಂದಳು.

"ಉತ್ತರದ ಕಡಿ ಗೋಡಿ ಬಿರುಕು ಬಿಟ್ಟೈತಿ. ಗಾರಿ ತುಳಿಯವರು ನಾವು ಆರು ಮಂದಿ ಉಳಿದೀವಿ. ಮೊದಲ ನಲವತ್ತು ಮಂದಿ ಇದ್ದಿವಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಕುಂತ್ರ ಗೋಡಿ ಕುಂದರತೈತಿ. ಅಷ್ಟೂ ತಿಳೀದಾಕಿ ಅಲ್ಲ ನೀನು."

ಆ ರಾತ್ರಿಯ ಸಂಕಟವನ್ನು ವಿವರಿಸುವುದು ನನಗೆ ಬೇಡ. ಬೆಳಗಾಗುವಷ್ಟರಲ್ಲಿ ಅವಳಿಗೆ ಒಂದು ದಾರಿ ತೋಚಿತು. ತನ್ನ ಮಾತನ್ನು ಕೊಲ್ಲುತ್ತಿರುವುದು ತನ್ನ ಹೆಸರು. ಹೆಸರು ಹೋದರೆ ನಗಾರಿ ಹೋಗುತ್ತದೆ, ನಗಾರಿ ಹೋದರೆ ಮಾತು ಪೂರ್ತಿ ಕೇಳಿಸುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಆ ವರ್ಷ ಊರು ಅವಳನ್ನು ಸನ್ಮಾನಕ್ಕೆ ಕರೆದಾಗ, ಹಿರಿಯ ಕೇಳಿದ:

"ನಿನ್ನಷ್ಟು ಈ ಊರು ಬದಲು ಮಾಡಿದವರು ಯಾರೂ ಇಲ್ಲವ್ವಾ. ಏನ್ ಬೇಕು ಕೇಳು."

"ನನ್ನ ಹೆಸರು ಯಾರೂ ಹೇಳಬಾರದ್ರಿ. ಸಭಾದಾಗೂ ಹೇಳಬಾರದು, ಓಣಿಯೊಳಗೂ ಹೇಳಬಾರದು. ಅಷ್ಟ ಸಾಕು."

ಹಿರಿಯನ ಕಣ್ಣು ತುಂಬಿತು. ಹೆಸರಿಗಾಗಿ ಒಬ್ಬರನ್ನೊಬ್ಬರು ತಳ್ಳಾಡುವ ಆ ಸಭೆಯಲ್ಲಿ ಇಂಥ ಆಸೆಯಿಲ್ಲದ ಮನುಷ್ಯರನ್ನು ಯಾರೂ ಕಂಡಿರಲಿಲ್ಲ. ಅಂದೇ ಕಟ್ಟಳೆ ಹೊರಟಿತು: ಅವರ ಹೆಸರನ್ನು ಎತ್ತಿದವರಿಗೆ ದೊಣ್ಣೆಯೇಟು.

ನಗಾರಿ ನಿಂತಿತು. ಊರು ಎಷ್ಟು ಶಾಂತವಾಯಿತೆಂದರೆ ಗೋಡೆಯ ಬಿರುಕಿನಿಂದ ಮಣ್ಣು ಉದುರುವ ಸದ್ದೂ ಕೇಳಿಸುತ್ತಿತ್ತು. ಸಂಕವ್ವ ಒಂದು ತಿಂಗಳು ಕಾದಳು, ಎರಡು ತಿಂಗಳು ಕಾದಳು. ಕಾವಲಿನವರು ಎಂದಿನಂತೆ ಬಾನಿಗಳಿಗೂ ಗುಂಡಿಗಳಿಗೂ ಹೋಗುತ್ತಿದ್ದರು. ಒಂದೇ ವ್ಯತ್ಯಾಸವೆಂದರೆ ಈಗ ಅವರು, ಸಂಕವ್ವ ಹೇಳಿದ್ದಾಳೆ ಎನ್ನುತ್ತಿರಲಿಲ್ಲ. 'ಎಲ್ಲರಿಗೂ ಗೊತ್ತಿದ್ದ ಮಾತು ಐತಿ' ಎನ್ನುತ್ತಿದ್ದರು. ಮಕ್ಕಳೂ ಆಟದಲ್ಲಿ ಹಾಗೆಯೇ ಹೇಳುತ್ತಿದ್ದವು. ಒಬ್ಬ ಹೆಂಗಸು ಹೇಳಿದ ಮಾತನ್ನು ಅಲ್ಲಗಳೆಯಬಹುದು. ಎಲ್ಲರಿಗೂ ಗೊತ್ತಿರುವ ಮಾತನ್ನು ಅಲ್ಲಗಳೆಯುವುದು ಹೇಗೆ?

ಬೇಸಿಗೆಯ ಒಂದು ಮಧ್ಯಾಹ್ನ ಅವಳು ತಮ್ಮನಿಗೆ ಬುತ್ತಿ ತೆಗೆದುಕೊಂಡು ಉತ್ತರದ ಗೋಡೆಯ ಹತ್ತಿರ ಹೋದಾಗ, ಗುಂಡಿಯ ಪಕ್ಕದಲ್ಲಿ ಕಾವಲಿನವನೊಬ್ಬ ಅಚ್ಚು ಇಡುತ್ತಿದ್ದ. ಹೊಸಬ, ತನ್ನ ಕೆಲಸದಲ್ಲಿ ಶ್ರದ್ಧೆಯುಳ್ಳವನು. ಭರಮ ಗುಂಡಿಯಿಂದ ಮೇಲೆ ಬಂದು ಕಾಲಿಟ್ಟ. ಕಾಲು ಕೂತಿತು.

"ಮೂರು," ಎಂದ ಕಾವಲಿನವನು, ಭರಮನ ಹೆಸರಿನ ಬಿಲ್ಲೆಯ ಮೇಲಿನ ಗೀರುಗಳನ್ನು ಎಣಿಸಿ.

ಸಂಕವ್ವ ಬುತ್ತಿ ಕೆಳಗಿಟ್ಟು ಓಡಿಬಂದಳು. ಸುತ್ತ ಗಾರೆಯವರು, ಕಲ್ಲು ಹೊರುವವರು ನಿಂತಿದ್ದರು. ಎಲ್ಲಿಯೂ ನಗಾರಿ ಇರಲಿಲ್ಲ. ನಗಾರಿ ಬಡಿಯತೊಡಗಿದಂದಿನಿಂದ ಮೊದಲ ಸಲ ಅವಳ ಮಾತು ಮೊದಲಿನಿಂದ ಕೊನೆಯ ತನಕ ಬಿಡಿಬಿಡಿಯಾಗಿ ಕೇಳಿಸಿತು.

"ಕಾಲು ಕೂಡತೈತಿ, ಇಲ್ಲ ಅನ್ನೂದಿಲ್ಲ. ಆದ್ರ ಇಂವ ನನ್ನ ತಮ್ಮ, ನಮ್ಮವ. ಸುಣ್ಣ ತುಳದು ತುಳದು ಆದ ಕಾಲು ಅದು. ಹಬ್ಬದ ಕಾಲಿನ ಮ್ಯಾಲ ನೋಡಿದ ಅಚ್ಚು ದುಡಿಯೂ ಕಾಲಿಗೆ ನಡೆಯೂದಿಲ್ಲ. ತಪ್ಪು ಅಚ್ಚಿಂದು, ಕಾಲಿಂದಲ್ಲ. ಬಿಡ್ರಿ ಅವನ್ನ."

ಕಾವಲಿನವನು ತಲೆ ತಗ್ಗಿಸಿಕೊಂಡೇ ಪೂರ್ತಿ ಕೇಳಿದ. ಒಳ್ಳೆಯ ಹುಡುಗನೇ. "ಇದು ಯಾರ ಮಾತು?" ಎಂದು ಕೇಳಿದ.

"ಸಂಕವ್ವಂದು. ನಾನ ಸಂಕವ್ವ."

ಅವನು ಹೌಹಾರಿ ಒಂದು ಹೆಜ್ಜೆ ಹಿಂದೆ ಸರಿದ. "ಏ ಯವ್ವಾ, ಆ ಹೆಸರು ಹೇಳಬ್ಯಾಡ. ಹೇಳಿದವರಿಗೆ ಏಟು ಐತಿ. ಇದೊಂದು ಸಲ ನಾ ಕೇಳಿಸಿಕೊಂಡಿಲ್ಲ." ಅವನ ದನಿ ಮೆತ್ತಗಾಯಿತು. "ದೊಡ್ಡ ಮನಸ್ಸಿನಾಕಿ ಆಕಿ, ನನಗ ಹೆಸರ ಬ್ಯಾಡ ಅಂದಾಳ. ಆಕಿ ಹೆಸರಿಲೆ ತಮ್ಮನ್ನ ಬಿಡಿಸಾಕ ಬಂದೀಯಲ್ಲ, ನಾಚಿಕಿ ಆಗಬೇಕು. ಆಕಿ ಇದ್ದಿದ್ರ ತನ್ನ ತಮ್ಮನ್ನ ತಾನ ಕರಕೊಂಡು ಬಂದು ನಿಂದರಸತಿದ್ಲು."

ಅವಳು ತನ್ನ ಮುಖವನ್ನು ಅವನ ಮುಖದ ಕೆಳಗೆ ಹಿಡಿದಳು. ಅವನು ಕಣ್ಣು ಮುಚ್ಚಿಕೊಂಡ. ಕಟ್ಟಳೆ ಮುರಿಯುವವನಲ್ಲ.

ಗೋಡೆಯಲ್ಲಿ ಆ ಕಡೆಗೆ ಒಂದು ಸಣ್ಣ ಬಾಗಿಲಿತ್ತು. ಭರಮ ಹೊಸ್ತಿಲ ಮೇಲೆ ನಿಂತು, "ಅಕ್ಕಾ, ಗಾರಿ ಹದಕ್ಕ ಬಂದೈತಿ. ಒಣಗಾಕ ಬಿಡಬ್ಯಾಡ," ಎಂದ. ಉಳಿದದ್ದನ್ನು ಹೇಳುವಷ್ಟರಲ್ಲಿ ಬಾಗಿಲು ಹಾಕಿದರು. ಗಾರೆಯವರು ಒಬ್ಬೊಬ್ಬರಾಗಿ ಕಾಲು ತೊಳೆದುಕೊಳ್ಳಲು ಹೊಂಡದ ಕಡೆ ಹೋದರು. ಯಾರೂ ತಿರುಗಿ ನೋಡಲಿಲ್ಲ.

ಸಂಕವ್ವ ಗುಂಡಿಯ ಕಡೆ ತಿರುಗಿದಳು. ಗುಂಡಿಯ ಅಂಚಿನಲ್ಲಿ ಗಾರೆ ಆಗಲೇ ಬಿಗಿಯತೊಡಗಿತ್ತು. ಅವಳು ಸೀರೆಯನ್ನು ಮೊಳಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿಕೊಂಡು ಗುಂಡಿಗೆ ಇಳಿದು ತುಳಿಯತೊಡಗಿದಳು. ಸುಣ್ಣ ಚುರುಚುರು ಎಂದಿತು.

ಕಾವಲಿನವನು ಅಚ್ಚನ್ನು ಅಂಗವಸ್ತ್ರದಿಂದ ಒರೆಸಿ ಕಂಕುಳಲ್ಲಿಟ್ಟುಕೊಂಡು, ತುಳಿಯುತ್ತಿದ್ದ ಅವಳ ಕಾಲುಗಳನ್ನೇ ನೋಡುತ್ತ ಗುಂಡಿಯ ದಂಡೆಯ ಮೇಲೆ ಕೂತ. ಅವನಿಗೇನೂ ಅವಸರವಿರಲಿಲ್ಲ.